ತಾವರೆಯ ನಾಳ

ಮೊಣಕೈವರೆಗೆ ಕೆಸರಿಗಿಳಿದಿದ್ದ ಸೊಸೆಯ ಬೆರಳುಗಳಿಗೆ ಕೊನೆಗೂ ತಾವರೆಯ ಗಡ್ಡೆ ತಾಗಿತು. ತಾಗಿದ್ದು ಅಲ್ಲೇ ಕರಗಿ, ಕೊಳೆತ ವಾಸನೆಯನ್ನು ಮೇಲಕ್ಕೆ ಬಿಟ್ಟಿತು.

ಹಿತ್ತಿಲಿನ ಆ ಪುಟ್ಟ ಕೊಳದಲ್ಲಿ ವಸಂತವು ಮಿಕ್ಕ ಯಾವ ಸಸ್ಯವನ್ನೂ ಮರೆತಿರಲಿಲ್ಲ. ಅಂಚಿನ ತೇವದಲ್ಲಿ ಒಂದೆಲಗ ಹಬ್ಬಿತ್ತು. ಬಿಳಿಯ ನೈದಿಲೆಗಳು ಅರೆಬಿರಿದು ನಿಂತಿದ್ದವು. ಆಕೆಯ ಗಂಡ ತನ್ನ ಕೈಯಾರೆ ನೆಟ್ಟ ತಾವರೆಯೊಂದು ಮಾತ್ರ ಎದ್ದಿರಲಿಲ್ಲ. ಅವನು ತೀರಿಕೊಂಡ ಮೇಲೆ ಬಂದ ಮೊದಲ ವಸಂತವದು.

"ಏನಮ್ಮಾ, ಚಿಗುರು ಸಿಕ್ತಾ?" ಮೆಟ್ಟಿಲ ಮೇಲೆ ಕುಳಿತಿದ್ದ ಮಾವ ಕೇಳಿದರು. "ನಮ್ಮ ಹುಡುಗನ ಹಾಗೇ ಸೋಮಾರಿ ಅದು. ಹೊದಿಕೆ ಎಳೆದ ಹೊರತು ಏಳೋದಿಲ್ಲ."

ಆಕೆ ಇನ್ನೂ ತಡಕುತ್ತಲೇ ಇದ್ದಳು. ಕೆಸರಿನಿಂದ ನಾಳದ ಮೋಟೊಂದು ಕೈಗೆ ಬಂದಿತ್ತು. ಅದರ ತುದಿಯನ್ನು ಯಾರೋ ನುಣ್ಣಗೆ ಕತ್ತರಿಸಿದ್ದರು. ಒಣಗಿದ ನಾಳಗಳನ್ನು ಮುಟ್ಟಬೇಡವೆಂದು ಗಂಡ ಪ್ರತಿ ಚಳಿಗಾಲವೂ ಹೇಳುತ್ತಿದ್ದ. ಅವು ಟೊಳ್ಳು, ಗಡ್ಡೆ ಉಸಿರಾಡುವುದು ಅವುಗಳಿಂದಲೇ. ನೀರಿನೊಳಗೆ ಕತ್ತರಿಸಿದರೆ ಒಳಗೆ ನೀರು ತುಂಬಿ ಗಡ್ಡೆ ಸಾಯುತ್ತದೆ.

"ಇವನ್ನ ಯಾರು ಕತ್ತರಿಸಿದ್ದು, ಮಾವ?"

"ಇನ್ಯಾರು? ನೀನು ಹಾಸಿಗೆ ಬಿಟ್ಟು ಏಳ್ತಾನೇ ಇರ್ಲಿಲ್ವಲ್ಲ, ಆಗ ನಾನೇ." ಮುದುಕರ ದನಿಯಲ್ಲಿ ಹೆಮ್ಮೆಯಿತ್ತು. "ನೀನು ಎದ್ದು ಬಂದಾಗ ಅವನ ಕೊಳ ಹಾಳು ಸುರೀಬಾರ್ದು ಅಂತ. ಜನ್ಮವೆಲ್ಲ ದರ್ಜಿ ಕೆಲಸ ಮಾಡಿದ ಕೈ ಕಣಮ್ಮಾ! ದಾರದ ತುದಿ ಹೊರಗೆ ಕಂಡ್ರೆ ಅದೂ ಒಂದು ಹೊಲಿಗೇನಾ? ಒಂದನ್ನೂ ನೀರಿನ ಮೇಲೆ ಬಿಡ್ಲಿಲ್ಲ."

ಆಕೆ ನಾಲಗೆಯ ತುದಿಗೆ ಬಂದ ಮಾತನ್ನು ಆಡಿಯೇ ಬಿಡಬೇಕೆಂದು ತಿರುಗಿದಳು.

ಮಾವ ಹುಬ್ಬಿಗೆ ಅಂಗೈ ಅಡ್ಡ ಹಿಡಿದು ಬರಿ ನೀರನ್ನು ದಿಟ್ಟಿಸುತ್ತಿದ್ದರು. ತೊಟ್ಟಿದ್ದದ್ದು ಮಗನ ಅಂಗಿ. ತೋಳುಗಳು ಉದ್ದವಾಗಿ ಬೆರಳುಗಳನ್ನು ಮುಚ್ಚುತ್ತಿದ್ದವು. ಊರಿನ ಬಟ್ಟೆಯನ್ನೆಲ್ಲ ಅಳತೆಗೆ ತಂದ ಆ ದರ್ಜಿ ಅದಕ್ಕೆ ಮಾತ್ರ ಕತ್ತರಿ ಹಾಕಿರಲಿಲ್ಲ.

ಆಕೆ ಕರಗಿದ ಗಡ್ಡೆಯ ಮೇಲೆ ಕೆಸರನ್ನೆಳೆದು ಮೆಲ್ಲಗೆ ಒತ್ತಿದಳು.

"ನೀರು ಇನ್ನೂ ತಣ್ಣಗಿದೆ, ಮಾವ."

"ಹೌದಾ? ಬಿಸಿಲೇ ಬೀಳ್ದಿದ್ರೆ ಪಾಪ, ಅದಾದ್ರೂ ಏನು ಮಾಡೀತು!"

ಅವರು ಇಳಿದು ಬಂದು ಕಷ್ಟದಿಂದ ಮಂಡಿಯೂರಿದರು. ಕೊಳದ ಮೇಲೆ ಬಾಗಿದ್ದ ಜೊಂಡನ್ನು ಎರಡೂ ಕೈಗಳಿಂದ ತಬ್ಬಿ ಪಕ್ಕಕ್ಕೆ ಸರಿಸಿ ಹಿಡಿದರು. ಬರಿದಾದ ನೀರಿನ ಮೇಲೆ ಬಿಸಿಲು ಬಿದ್ದಿತು. ತೋಳುಗಳು ನಡುಗತೊಡಗಿದವು, ಅವರು ಹಿಡಿದೇ ಇದ್ದರು.