ಪಕ್ಕದ ಮಂಚದವಳು

ಮುಳಬಾಗಿಲಿನ ಛತ್ರದಲ್ಲಿ ನಿಶ್ಚಿತಾರ್ಥದ ಊಟದ ಎರಡನೇ ಪಂಕ್ತಿಗೆ ಎಲೆ ಹಾಕಿ ಆಗಿತ್ತು. ಬೀಗಿತ್ತಿಯಾಗಲಿದ್ದ ಅಂಜಮ್ಮ ಪಕ್ಕದಲ್ಲೇ ಕೂತು ಮಾತಾಡಿಸುತ್ತಿದ್ದರಿಂದ, ನೀರು ಬಡಿಸುತ್ತ ಬಂದ ಹೆಂಗಸಿನ ಮುಖವನ್ನು ರಜನಿ ಮೊದಲು ನೋಡಲಿಲ್ಲ. ಜಗ್ಗು ಹಿಡಿದ ಕೈ ತನ್ನ ಎಲೆಯ ಮುಂದೆ ನಿಂತೇಬಿಟ್ಟಾಗ ತಲೆಯೆತ್ತಿದಳು.

"ರಜನೀ, ಬಾಗುನ್ನಾವಾ? ಚೆನ್ನಾಗಿದ್ದೀಯೇನೇ? ಕೂದ್ಲು ಎಷ್ಟು ಚೆನ್ನಾಗಿ ಬಂದೈತೆ ಕಣೇ ನಿಂಗೆ."

ನಂಗಲಿಯ ಬೈರಮ್ಮ. ಅದೇ ಅಗಲ ಮುಖ, ಅದೇ ಕೆಳದನಿ. ಅವಳ ಕೂದಲೂ ಬೆಳೆದಿತ್ತು, ಅರ್ಧ ಬೆಳ್ಳಗೆ. ಅಂಜಮ್ಮ ಇಬ್ಬರ ಮುಖವನ್ನೂ ನೋಡಿ, ಯಾರು, ಗೊತ್ತಾ ನಿಮಗೆ ಎಂದು ಕೇಳಿದರು.

"ಇಲ್ಲ," ಎಂದಳು ರಜನಿ. "ಯಾರೋ, ನಂಗೆ ಗೊತ್ತಿಲ್ಲ."

ಬೈರಮ್ಮನ ನಗು ತಕ್ಷಣ ಆರಲಿಲ್ಲ. ಉರಿ ತೆಗೆದ ಮೇಲೂ ಹೆಂಚು ಬಿಸಿ ಇರುವ ಹಾಗೆ ಒಂದು ಗಳಿಗೆ ಮುಖದ ಮೇಲೇ ಉಳಿಯಿತು. ಆಮೇಲೆ ಅವಳು ಲೋಟಕ್ಕೆ ನೀರು ತುಂಬಿ, "ತಪ್ಪಾಯ್ತಮ್ಮ. ನಿಮ್ಮಂಗೇ ಇನ್ನೊಬ್ಬಾಕೆ ಇದ್ಲು, ಅವಳೇ ಅಂದ್ಕೊಂಡೆ," ಎಂದು ಮುಂದಿನ ಎಲೆಗೆ ಸರಿದಳು.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಆದರೆ ಎದುರು ಸಾಲಿನಲ್ಲಿದ್ದ ಗಂಡಿನ ಕಡೆಯ ಹೆಂಗಸೊಬ್ಬಳು ಎದ್ದು ಬಂದು ಅಂಜಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಪಿಸುಮಾತಾದರೂ ರಜನಿಗೆ ಪೂರ್ತಿ ಕೇಳಿಸಿತು: ಆ ಹೆಂಗಸಿಗೆ ಎದೆ ಕ್ಯಾನ್ಸರ್ ಆಗಿ ಒಂದು ಕಡೆ ತೆಗೆದುಹಾಕಿದ್ದಾರೆ, ಶುಭಕಾರ್ಯದಲ್ಲಿ ಅವಳ ಕೈಲಿ ನೀರು ಹಾಕಿಸುತ್ತಿದ್ದೀರಲ್ಲ. ಅಂಜಮ್ಮ ಅಡುಗೆ ಕಂಟ್ರಾಕ್ಟು ಹಿಡಿದಿದ್ದ ಮುನಿರಾಮಪ್ಪನನ್ನು ಕಣ್ಣಲ್ಲೇ ಕರೆದು ಎರಡು ಮಾತು ಹೇಳಿದರು. ಅವನು ಹೋಗಿ ಬೈರಮ್ಮನ ಕೈಯಿಂದ ಜಗ್ಗು ತೆಗೆದುಕೊಂಡ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಊಟದ ಕೋಣೆಯ ಉದ್ದಕ್ಕೂ ಎಲ್ಲರ ಎಲೆಗಳ ಮುಂದೆ ನಡೆದುಕೊಂಡು ಹಿತ್ತಲ ಬಾಗಿಲಿಗೆ ಹೋದಳು.

ಅಂಜಮ್ಮನ ಮುಂದಿದ್ದ ಲೋಟವನ್ನು ಯಾರೋ ಬದಲಾಯಿಸಿದರು. ರಜನಿ ತನ್ನ ಲೋಟವನ್ನು ತಾನೇ ಪಕ್ಕಕ್ಕೆ ಸರಿಸಿದಳು. ಸರಿಸುವಾಗ ಹಿತ್ತಲ ಬಾಗಿಲಲ್ಲಿ ಬೈರಮ್ಮ ತಿರುಗಿ ನೋಡಿದ್ದು ಅವಳಿಗೆ ಕಂಡಿತು.

ಒಂದೂವರೆ ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮಂಚ. ಔಷಧಿ ಇಳಿಸಿದ ದಿನ ರಜನಿ ಹೊಟ್ಟೆಯೊಳಗಿನದೆಲ್ಲ ಕಕ್ಕುತ್ತಿದ್ದರೆ, ಬೈರಮ್ಮ ತನ್ನ ಡ್ರಿಪ್ಪಿನ ಸ್ಟ್ಯಾಂಡನ್ನು ಎಳೆದುಕೊಂಡೇ ಬಂದು ಬೇಸಿನ್ ಹಿಡಿಯುತ್ತಿದ್ದಳು. ಆಪರೇಷನ್ ಆಗಿ ಮೊದಲ ಸಲ ಬ್ಯಾಂಡೇಜು ಬಿಚ್ಚಿದ ದಿನ ರಜನಿ ಗೋಡೆಯ ಕಡೆ ತಿರುಗಿ ಮಲಗಿದವಳು ಸಾಯಂಕಾಲದವರೆಗೂ ಮುಖ ತೋರಿಸಿರಲಿಲ್ಲ. ಗಂಡ ವೇಣುಗೋಪಾಲ್ ಎರಡು ಸಲ ಹೆಸರು ಹಿಡಿದು ಕರೆದು ಆಚೆ ಹೋಗಿ ಕೂತಿದ್ದ. ಆಗ ಬೈರಮ್ಮ ಪರದೆ ಎಳೆದು, ತನ್ನ ರವಿಕೆಯ ಗುಂಡಿ ಬಿಚ್ಚಿ ತೋರಿಸಿದ್ದಳು. "ನೋಡೇ, ನಂದೂ ಹಿಂಗೇ. ರಾಗಿ ಕೊಯ್ದ ಹೊಲ ಇದ್ದಂಗೈತೆ. ಹೊಲ ಎಲ್ಲೂ ಹೋಗಿಲ್ಲ, ನೋಡು." ರಜನಿ ನೋಡಿದ್ದಳು. ತನ್ನದನ್ನು ಗಂಡನಿಗೆ ಈವತ್ತಿಗೂ ತೋರಿಸದವಳು ಅವತ್ತು ಬೈರಮ್ಮನಿಗೆ ತೋರಿಸಿದ್ದಳು.

ತಮ್ಮೂರು ಮಾಲೂರಿನಲ್ಲಿ ಮಾತ್ರ ಎಲ್ಲರಿಗೂ ಗರ್ಭಕೋಶದ ಆಪರೇಷನ್ ಎಂದೇ ಹೇಳಿದ್ದು. ಮಗಳು ಮೇಘನಳಿಗೆ ಗಂಡು ನೋಡುವ ಕಾಲ; ತಾಯಿಗೆ ಅದು ಬಂದಿದೆ ಎಂದರೆ ಮಗಳಿಗೂ ಬರುತ್ತೆ ಅಂತಾರೆ ಎಂದು ವೇಣುಗೋಪಾಲ್ ಹೇಳಿದ್ದ, ರಜನಿ ಹೂಂ ಅಂದಿದ್ದಳು. ಕೋಲಾರದಲ್ಲಿ ಪ್ರತಿ ತಿಂಗಳ ಎರಡನೇ ಶನಿವಾರ ಇಂಥ ಹೆಂಗಸರನ್ನೆಲ್ಲ ಕೂರಿಸಿ ಕೈಯ ವ್ಯಾಯಾಮ ಹೇಳಿಕೊಡುತ್ತಾರೆ, ಮನಸ್ಸಿನದೂ ಮಾತಾಡಿಸುತ್ತಾರೆ, ಬಾ ಎಂದು ಬೈರಮ್ಮ ಫೋನು ಮಾಡಿದ್ದಳು. ಅಲ್ಲಿ ಗುರುತಿನವರು ಯಾರಾದರೂ ನೋಡಿಬಿಟ್ಟರೆ ಎಂದು ರಜನಿ ಹೋಗಲಿಲ್ಲ. ಬೈರಮ್ಮನ ನಂಬರನ್ನು 'ಗ್ಯಾಸ್ ಏಜೆನ್ಸಿ' ಎಂದು ಸೇವ್ ಮಾಡಿಕೊಂಡಳು. ಆಮೇಲಾಮೇಲೆ ಆ ಹೆಸರು ಬಂದಾಗ ಎತ್ತುವುದನ್ನೂ ಬಿಟ್ಟಳು. ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ತಲೆ ಬಾಚಲು ಎಡಗೈ ಅಭ್ಯಾಸ ಮಾಡಿಕೊಂಡಳು.

ನಿಶ್ಚಿತಾರ್ಥ ಮುಗಿಸಿ ಬಂದ ಎರಡನೇ ದಿನ, ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಮೇಘನ ಕೇಳಿದಳು.

"ಅಮ್ಮ, ಅವತ್ತು ಛತ್ರದಲ್ಲಿದ್ದಿದ್ದು ಬೈರಮ್ಮ ಆಂಟಿ ಅಲ್ವಾ?"

ರಜನಿ ಸೀರೆ ಮಡಚುತ್ತಲೇ ಇದ್ದಳು.

"ಕೈ ತೊಳೆಯೋ ಹತ್ರ ಸಿಕ್ಕಿದ್ರು. ನನ್ನ ನೋಡಿ ನಕ್ರು. ಆಸ್ಪತ್ರೇಲಿ ದಿನಾ ನಂಗೆ ಊಟ ತೆಗೆದಿಡ್ತಿದ್ರು ಅವರು. ನಾನು ಮುಖ ತಿರುಗಿಸ್ಕೊಂಡು ಬಂದೆ." ಹಗ್ಗದಿಂದ ಇನ್ನೊಂದು ಬಟ್ಟೆ ಎಳೆಯುತ್ತ ಸೇರಿಸಿದಳು, "ಯಾರಿಗೂ ಗೊತ್ತಾಗ್ಬಾರ್ದು ಅಂತ ನೀನೇ ಹೇಳಿದ್ಯಲ್ಲ."

ಪಂಕ್ತಿಯಲ್ಲಿ ಕೂತು ತಾನು ಮಾಡಿದ್ದನ್ನು ರಜನಿ ಎರಡು ದಿನ ಹೇಗೋ ನುಂಗಿಕೊಂಡಿದ್ದಳು. ಭಯಕ್ಕೆ ಬಾಯಿಗೆ ಬಂತು ಎಂದುಕೊಂಡಿದ್ದಳು. ಮಗಳೂ ಅದನ್ನೇ ಮಾಡಿದ್ದಾಳೆ, ಅದೂ ತಾನು ಕಲಿಸಿ ಮಾಡಿದ್ದಾಳೆ ಎಂದಾಗ ಯಾವ ಸಮಾಧಾನವೂ ಉಳಿಯಲಿಲ್ಲ. ಮಡಚಿದ ಸೀರೆಯನ್ನೇ ಇನ್ನೊಮ್ಮೆ ಬಿಚ್ಚಿ ಮಡಚಿದಳು.

ಗುರುವಾರ, ಕೋಲಾರಕ್ಕೆ ರವಿಕೆ ಬಟ್ಟೆ ತರಲು ಹೋಗುತ್ತೇನೆಂದು ಹೇಳಿ, ಬಸ್ಸು ಬದಲಾಯಿಸಿಕೊಂಡು ನಂಗಲಿಗೆ ಹೋದಳು. ಹೈವೇ ಪಕ್ಕ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಬೈರಮ್ಮನ ಟೀ ಅಂಗಡಿ. ಅಂಗಡಿಯೆಂದರೆ ನಾಲ್ಕು ಕಂಬ, ಒಂದು ತಗಡು. ಅವಳು ರಜನಿಯನ್ನು ನೋಡಿದಳು, ಕಾಲಿನಿಂದ ಒಂದು ಸ್ಟೂಲನ್ನು ಈಚೆ ತಳ್ಳಿದಳು, ಮತ್ತೆ ಕಡಲೆಕಾಯಿ ಬೇಯುತ್ತಿದ್ದ ಪಾತ್ರೆಗೆ ಉಪ್ಪು ಹಾಕಿದಳು. ರಜನಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ತಪ್ಪಾಯ್ತಕ್ಕಾ ಎನ್ನುವುದೊಂದೇ ಹೊರಗೆ ಬಂತು.

ಬೈರಮ್ಮ ಪಾತ್ರೆಗೆ ಮುಚ್ಚಳ ಮುಚ್ಚಿದಳು.

"ಮಗಳ ಕಾರ್ಯ ಅಂತ ನಂಗೆ ಅವಾಗ್ಲೇ ಅರ್ಥ ಆಯ್ತು," ಎಂದಳು ಆಮೇಲೆ. "ಗೊತ್ತಿಲ್ಲ ಅಂದಿದ್ದಕ್ಕೆ ಬೇಜಾರಿಲ್ಲ ಕಣೇ. ನೀರು ಪಕ್ಕಕ್ಕೆ ಸರ್ಸಿದ್ಯಲ್ಲ, ಅದ್ಯಾಕೆ? ಅವರಿಗೆ ತಿಳೀದು. ಇದು ಅಂಟೋದಲ್ಲ ಅಂತ ನಿಂಗೆ ಗೊತ್ತಿತ್ತಲ್ಲ."

ಡ್ರೈವರೊಬ್ಬ ಬಂದು ತೆಲುಗಿನಲ್ಲಿ ಟೀ ಕೇಳಿದ. ಅವನಿಗೆ ಟೀ ಕೊಡುತ್ತ ಬೈರಮ್ಮ, ಬೇರೆ ಯಾರದೋ ಸುದ್ದಿ ಹೇಳುವಂತೆ, ಅವತ್ತಿನಿಂದ ಮುನಿರಾಮಪ್ಪ ಯಾವ ಮದುವೆ ಕೆಲಸಕ್ಕೂ ತನ್ನನ್ನು ಕರೆದಿಲ್ಲ, ಊರಲ್ಲಿ ಗೊತ್ತಿದ್ದದ್ದು ಈಗ ಛತ್ರದವರಿಗೆಲ್ಲ ಗೊತ್ತಾಗಿದೆ ಎಂದಳು.

"ಮದುವೆಗೆ ಬಾ ಅಕ್ಕಾ," ಎಂದಳು ರಜನಿ. "ಕರೆಯೋಕೇ ಬಂದೆ."

"ಬಂದ್ರೆ, ನನ್ನ ಯಾರು ಅಂತ ಹೇಳ್ತೀಯ?"

ದಾರಿ ಕೇಳಿದಷ್ಟು ಸಹಜವಾಗಿ ಕೇಳಿದ್ದಳು. ಅದಕ್ಕೆ ರಜನಿ ಸುಮ್ಮನಿದ್ದುದನ್ನು ಕಂಡು, ಬಸ್ಸು ಬರೋ ಹೊತ್ತಾಯ್ತು ಹೋಗು ಎಂದಳು. ಟೀ ಕೊಡಲಿಲ್ಲ. ರಜನಿಯೂ ಕೇಳಲಿಲ್ಲ.

ವಾಪಸು ಬರುವಾಗ ಬಸ್ಸು ಮುಳಬಾಗಿಲಿನಲ್ಲಿ ನಿಂತಿತು. ಕಂಡಕ್ಟರು ರೈಟ್ ಹೇಳುವ ಮೊದಲು ರಜನಿ ಇಳಿದು ಅಂಜಮ್ಮನ ಮನೆಯ ದಾರಿ ಹಿಡಿದಳು. ಅಂಜಮ್ಮ ಹಿಪ್ಪುನೇರಳೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದವರು ಅವಳನ್ನು ಕಂಡು ಗಾಬರಿಯಿಂದಲೇ ಒಳಗೆ ಕರೆದರು, ಒಬ್ಬರೇ ಬಂದಿರಲ್ಲ ಎಂದರು. ಕೂರುವ ಮೊದಲೇ ಹೇಳದಿದ್ದರೆ ತನ್ನಿಂದ ಆಗುವುದಿಲ್ಲವೆಂದು ರಜನಿಗೆ ಗೊತ್ತಿತ್ತು.

"ಅವತ್ತು ನೀರು ಬಡಿಸ್ತಿದ್ದೋರು ನಂಗೆ ಗೊತ್ತು," ಎಂದಳು. "ಆಸ್ಪತ್ರೇಲಿ ನನ್ನ ಪಕ್ಕದ ಮಂಚ ಅವರದ್ದು. ನಂಗೂ ಅದೇ ಕಾಯಿಲೆ. ಒಂದು ಕಡೆ ತೆಗೆದಿದ್ದಾರೆ."

ಅಂಜಮ್ಮನ ಕಣ್ಣು ಅವಳ ಎದೆಗೆ ಬಂದು, ಸುಟ್ಟುಕೊಂಡ ಹಾಗೆ ಬೇರೆ ಕಡೆ ಹೋಯಿತು. ರಜನಿಗೆ ನಿಂತಲ್ಲೇ ನೆಲಕ್ಕೆ ಇಳಿದುಹೋಗಬೇಕೆನಿಸಿತು.

"ಗರ್ಭಕೋಶ ಅಂದಿದ್ರಲ್ಲ ನಿಮ್ಮನೆಯೋರು."

"ಸುಳ್ಳು ಹೇಳಿದ್ವಿ. ಅವರನ್ನ ಆಚೆ ಕಳಿಸಿದ್ರಲ್ಲ, ನನ್ನೂ ಪಂಕ್ತಿಯಿಂದ ಎಬ್ಬಿಸ್ಬೇಕಿತ್ತು."

ಇನ್ನೊಂದು ಮಾತೂ ಹೇಳಿದಳು: ನೀವು ಮುನಿರಾಮಪ್ಪನಿಗೆ ಫೋನು ಮಾಡಿ, ಅವರನ್ನು ಕೆಲಸಕ್ಕೆ ಕರೆಯಲು ಹೇಳಬೇಕು. ಅಂಜಮ್ಮ ಮನೆಯವರ ಹತ್ತಿರ ಮಾತಾಡುತ್ತೇನೆ ಎಂದಷ್ಟೇ ಹೇಳಿ ಬಾಗಿಲವರೆಗೆ ಬಂದರು.

ಮನೆಗೆ ಬಂದು ಹೇಳಿದಾಗ ವೇಣುಗೋಪಾಲ್, ನೀನೇ ಕೈಯಾರೆ ಮಗಳ ಬಾಳು ಹಾಳು ಮಾಡಿದೆ ಎಂದ. ಅಷ್ಟು ಹೇಳಿ ಮೂರು ದಿನ ಮಾತು ಬಿಟ್ಟ. ಕೆಲಸಕ್ಕೆ ಹೋಗುವ ಬೆಳಗಿನ ರೈಲಿಗೆ ಊಟದ ಡಬ್ಬಿಯನ್ನೂ ಒಯ್ಯಲಿಲ್ಲ. ಮೇಘನ ಅತ್ತಳು. ಅತ್ತು ಮುಗಿದ ಮೇಲೆ ತಟ್ಟೆ ತಂದು ಅಮ್ಮನ ಪಕ್ಕ ಕೂತು ಉಂಡಳು. ಹನ್ನೊಂದನೇ ದಿನ ಅಂಜಮ್ಮನ ಫೋನು ಬಂತು. ಹುಡುಗ ಮೇಘನಳನ್ನೇ ಆಗುವುದು ಎಂದು ಹಟ ಹಿಡಿದಿದ್ದಾನೆ, ಡಾಕ್ಟರನ್ನೂ ಕೇಳಿಕೊಂಡು ಬಂದಿದ್ದಾನೆ, ಮದುವೆ ನಿಲ್ಲುವುದಿಲ್ಲ. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಇದನ್ನು ಇನ್ನು ಯಾರ ಹತ್ತಿರವೂ ಹೇಳಿಕೊಳ್ಳಬೇಡಿ ಎಂದೂ ಅಂದರು. ಆಗಲಿ ಎನ್ನಲು ರಜನಿಗೆ ಬಾಯಿ ಬರಲಿಲ್ಲ. ಬೈರಮ್ಮನ ಕೆಲಸದ ಸುದ್ದಿಯನ್ನು ಅವರು ಎತ್ತಲಿಲ್ಲ. ರಜನಿ ತಾನೇ ಮುನಿರಾಮಪ್ಪನಿಗೆ ಫೋನು ಮಾಡಿದಳು. ನೋಡೋಣಮ್ಮ ಎಂದ.

ಎರಡನೇ ಶನಿವಾರ ಅವಳು ಕೋಲಾರಕ್ಕೆ ಹೋದಳು. ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ಅವಳೂ ಸೇರಿ ಹದಿನೈದು ಜನ ಹೆಂಗಸರು. ಬೈರಮ್ಮ ಕಿಟಕಿಯ ಪಕ್ಕ ಕೂತಿದ್ದಳು, ನೋಡಿದಳು, ಕರೆಯಲಿಲ್ಲ. ಹೊಸಬರು ತಮ್ಮ ವಿಷಯ ಹೇಳಬೇಕೆಂದಾಗ ರಜನಿ ಎದ್ದು ನಿಂತು ಹೆಸರು, ಊರು, ಯಾವ ಕಡೆಯ ಎದೆ ಎಂಬುದನ್ನು ಹೇಳಿದಳು. ಈ ಬೈರಮ್ಮ ಇಲ್ಲದಿದ್ದರೆ ನಾನು ಆಸ್ಪತ್ರೆಯಿಂದ ಎದ್ದು ಬರುತ್ತಿರಲಿಲ್ಲ, ಹಾಗಿದ್ದೂ ನಾಲ್ಕು ಜನರ ಎದುರು ಇವರು ಯಾರೋ ಗೊತ್ತಿಲ್ಲ ಎಂದುಬಿಟ್ಟೆ ಎಂದೂ ಹೇಳಿದಳು. ಹೇಳಿದ ಮೇಲೆ ಹಗುರವಾಗಬಹುದೆಂದುಕೊಂಡಿದ್ದಳು, ಆಗಲಿಲ್ಲ. ಮುಖ ಸುಡುತ್ತಿತ್ತು. ಬೈರಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

ವ್ಯಾಯಾಮಕ್ಕೆ ಇಬ್ಬಿಬ್ಬರು ನಿಲ್ಲಬೇಕಿತ್ತು. ಎಲ್ಲರೂ ತಮ್ಮ ತಮ್ಮ ಜೋಡಿ ಹುಡುಕಿಕೊಂಡ ಮೇಲೆ ಉಳಿದವಳು ರಜನಿ. ಬೈರಮ್ಮ ತನ್ನ ಜೊತೆಯವಳನ್ನು ಪಕ್ಕದ ಜೋಡಿಗೆ ಸೇರಿಸಿ ಈ ಕಡೆ ಬಂದಳು. ಒಂದು ಟವಲಿನ ತುದಿಯನ್ನು ರಜನಿಯ ಬಲಗೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಎದುರು ನಿಂತಳು. ನಿಧಾನಕ್ಕೆ ಮೇಲೆತ್ತಿ ಎಂದರು ವ್ಯಾಯಾಮ ಹೇಳಿಕೊಡುವವರು. ಸುತ್ತ ಟವಲುಗಳು ತಲೆಯ ಮೇಲಕ್ಕೆ ಹೋದವು. ರಜನಿಯ ಕೈ ಹೆಗಲ ಮಟ್ಟಕ್ಕೆ ಬಂದು ನಿಂತಿತು. ಕಿವಿಗೆ ತಾಗುವಷ್ಟು ಎತ್ತಬಲ್ಲ ಬೈರಮ್ಮನ ಕೈಯೂ ಎದುರು ಅಷ್ಟೇ ಎತ್ತರದಲ್ಲಿ ನಿಂತಿತು.