ರಾಯರ ಮನೆಯ ಸಕ್ಕರೆ

ಕಲ್ಲೇ ಸೀಳೀತು ಅನ್ನುವಂಥ ಇಳಕಲ್ಲಿನ ಬಿಸಿಲಿನಲ್ಲೂ ವಾಸುದೇವರಾಯರು ಕರಿ ಕೋಟಿನ ಗುಂಡಿಗಳನ್ನು ಕೊರಳತನಕ ಹಾಕಿಕೊಂಡೇ ಓಣಿಗೆ ಇಳಿಯುವವರು. ಬಾಗಲಕೋಟೆಯ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, ನಿವೃತ್ತರಾಗಿ, ನಮ್ಮೆದುರಿನ ತಮ್ಮ ಹಿರಿಯರ ಮನೆಗೆ ಮರಳಿದವರು. ಬದನೆಕಾಯಿಯ ದರ ಕೇಳಿದರೂ ಕೈಯೆತ್ತಿ, "ತಡೀರಿ, ಮೂಲಕ್ಕ ಹೋಗೋಣ" ಅನ್ನಬೇಕು. ನನ್ನ ಯಜಮಾನರು ಅಲ್ಲಾಸಾಬ ಬದುಕಿದ್ದಾಗ ಚಾದಂಗಡಿಯ ಕಟ್ಟೆಯ ಮೇಲೆ ಕೂತು ನಗಾಡುತ್ತಿದ್ದರು: "ರಾಯರ, ನೀವು ಮೂಲಾ ಮುಟ್ಟೂದ್ರಾಗ ಚಾ ಆರತೈತ್ರಿ." ರಾಯರೂ ನಕ್ಕು, ಆರಿದ್ದನ್ನೇ ಕುಡಿಯುತ್ತಿದ್ದರು.

ಸಾಲಿಯ ಮುಖ ನಾಕು ದಿನ ಕಂಡ ನನಗೆ ಅವರು ಬರೆದ ಪುಸ್ತಕ ಓದಲು ಬಾರದು. ಭಾಷಣ ಮಾತ್ರ ಮೈಕಿನಿಂದ ಹಾರಿ ನಮ್ಮ ಒಲೆಯ ತನಕ ಬರುತ್ತಿತ್ತು. ದೇಶವೆಂದರೆ ಒಂದು ಮನೆತನ, ಹಿರಿಯರು ಹಾಕಿಕೊಟ್ಟ ನಡಾವಳಿಯನ್ನು ಮುರಿಯುವ ಹಕ್ಕು ಬದುಕಿದ್ದವರಿಗಿಲ್ಲ, ಬೇರೆ ಮತದವರು ಆ ಮನೆಯಲ್ಲಿ ಅತಿಥಿಗಳಾಗಿ ಸುಖವಾಗಿರಲಿ ಅನ್ನುತ್ತಿದ್ದರು. ಅತಿಥಿ ಎಂದಾಗಲೆಲ್ಲ ರೊಟ್ಟಿ ಬಡಿಯುವ ನನ್ನ ಕೈ ನಿಲ್ಲುತ್ತಿತ್ತು. ಅತಿಥಿಗೆ ಒಂದಿಲ್ಲೊಂದು ದಿನ ಏಳು ಅನ್ನುತ್ತಾರಲ್ಲ? ಗಂಡ, ಅತ್ತೆ, ಮಾವ ಎಲ್ಲರೂ ಇಲ್ಲೇ ಮಣ್ಣಾದರು. ಎದ್ದು ಎಲ್ಲಿಗೆ ಹೋಗಲಿ?

ಮೊಹರಮ್ಮಿನಲ್ಲಿ ಓಣಿಯೊಳಗೆ ಪಂಜಾ ಕೂಡಿಸಿದ ಅಲಾಯಿ ದೇವರಿಗೆ ಮೊದಲ ಸಕ್ಕರೆ ಓದಿಸುವುದು ರಾಯರ ಮನೆತನ. ಅವರ ಅಜ್ಜ ಹೊತ್ತ ಹರಕೆ. ಅದರ ಮೇಲೆ ಪ್ರಾರ್ಥನೆ ಓದುವುದು ನಮ್ಮ ಮನೆತನ. ಈಗ ಮಗ ಖಲೀಲ ಓದುತ್ತಾನೆ. ಈ ವರ್ಷ ಸಕ್ಕರೆ ಓದಿಸುವ ಸಂಜೆ ರಾಯರ ಶಿಷ್ಯ ಜಯಂತ, ಹತ್ತಾರು ಹುಡುಗರನ್ನು ಕಟ್ಟಿಕೊಂಡು ಅವರ ಬಾಗಿಲಿಗೆ ಬಂದ.

"ಸರ್, ಸಕ್ಕರಿ ಬ್ಯಾಡ್ರಿ. ನೀವ ಬರದದ್ದನ್ನ ನೀವ ಅಳಸಬ್ಯಾಡ್ರಿ."

"ಯವ್ವಾ, ಬಾಗಲಾ ಹಾಕ್ಲ್ಯಾ?" ಅಂದ ನಮ್ಮ ಬಾಗಿಲಲ್ಲಿ ನಿಂತ ಖಲೀಲ, ಪಿಸುದನಿಯಲ್ಲಿ. ರಾಯರು ತರದಿದ್ದರೆ ಓಣಿಯ ಯಾವ ಮನೆಯೂ ತರದು. ನಾಳೆ ಈ ಹುಡುಗರು ನಮ್ಮ ಹೊಸ್ತಿಲು ತುಳಿದರೂ ಬ್ಯಾಡ ಅನ್ನುವವರಿರರು.

ರಾಯರು ಸಕ್ಕರೆಯ ತಾಟು ಹಿಡಿದು ಹೊರಬಂದರು. ಜಯಂತ ಅಡ್ಡ ನಿಂತ.

"ಅತ್ತ ಸರೀಲೇ ಮಗನ. ನಮ್ಮಜ್ಜ ಹಾಕಿದ್ದನ್ನ ಮುರೀಲಿಕ್ಕೆ ನಾ ಯಾರು, ನೀ ಯಾರು?"

ಹುಡುಗ ಸರಿದ, ಕಣ್ಣು ಮಾತ್ರ ಕೆಳಗಿಳಿಸಲಿಲ್ಲ. ರಾಯರು ತಾಟನ್ನು ಅಲಾಯಿ ದೇವರ ಮುಂದಿಟ್ಟರು, ಖಲೀಲ ಓದಿ ಮುಗಿಸಿದ. ನಾ ಕೈ ಮುಗಿದು, "ರಾಯರ, ನಮ್ಮ ಮಾನಾ ಉಳಿಸಿದ್ರಿ" ಅಂದೆ.

"ನಿಮ್ಮ ಸಲುವಾಗಿ ಅಲ್ಲ ಮೌಲಾಬಿ, ನಮ್ಮಜ್ಜನ ಸಲುವಾಗಿ" ಅಂದರು, ಸುಳ್ಳಾಡಲು ಬಾರದ ಆ ಮನುಷ್ಯ.

ಇಂಥವರ ಮಾತು ಎಷ್ಟೇ ಹರಿತವಿರಲಿ, ಅವರ ಕೈ ಹಿಡಿದು ನಿಲ್ಲಿಸಲು ಒಳಗೊಬ್ಬ ಹಿರಿಯ ಕೂತಿರುತ್ತಾನೆ. ಅವರಿಂದ ಕಲಿತವರಿಗೆ ಆ ಮಾತು ದಕ್ಕುತ್ತದೆ, ಆ ಹಿರಿಯ ದಕ್ಕುವುದಿಲ್ಲ. ಇಷ್ಟು ವರ್ಷ ನಾ ರಾಯರಿಗೆ ಅಂಜಿದೆ. ಈಗ ರಾಯರಿಲ್ಲದ ದಿನಕ್ಕೆ ಅಂಜುತ್ತೇನೆ.