ಅಡ್ಡಕ್ಕೆ ಆಡಿದ ತಲೆ

ಆ ಸಭಾಂಗಣದಲ್ಲಿ ಯಾರ ಸಂಗೀತ ಕಚೇರಿಯೇ ಇರಲಿ, ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಸೈಕಲ್ ರಿಪೇರಿಯವನು ಕೂತಿರುತ್ತಿದ್ದ. ಮೂವತ್ತೊಂದು ವರ್ಷದಿಂದ ಅದು ಅವನ ಜಾಗ. ಕುರ್ಚಿಯ ಮೇಲೆ ಅವನ ಹೆಸರೇನೂ ಬರೆದಿರಲಿಲ್ಲ. ಆದರೂ ಗೊತ್ತಿದ್ದವರು ಅಲ್ಲಿ ಕೂರುತ್ತಿರಲಿಲ್ಲ, ಗೊತ್ತಿಲ್ಲದವರನ್ನು ಗೊತ್ತಿದ್ದವರೇ ಎಬ್ಬಿಸುತ್ತಿದ್ದರು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಗ್ರೀಸು ಹೋಗದ ಕೈ, ಗರಿಗರಿ ಇಸ್ತ್ರಿಯ ಶರ್ಟು, ಅರ್ಧ ಮುಚ್ಚಿದ ಕಣ್ಣು. ಹಾಡು ಹದಕ್ಕೆ ಬಂತೆಂದರೆ ಅವನ ತಲೆ ಮೆಲ್ಲಗೆ ಒಂದು ಕಡೆಗೆ ವಾಲುತ್ತಿತ್ತು, ಸಾಮಾನು ಬಿದ್ದ ಕಡೆಗೆ ತಟ್ಟೆ ಇಳಿದ ಹಾಗೆ. ಅದಕ್ಕೇ ಅವನಿಗೆ ತಕ್ಕಡಿ ಎಂದು ಹೆಸರು ಬಿದ್ದಿತ್ತು. ಹಾಡುವವರೂ ಅಷ್ಟೇ. ಹಾಲ್ ತುಂಬ ಚಪ್ಪಾಳೆ ಬಿದ್ದರೂ, ಆ ಒಂದು ತಲೆ ವಾಲಿತೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದರು.

ಅವನು ಸಂಗೀತ ಕಲಿತವನಲ್ಲ. ಸ್ವರಗಳ ಹೆಸರು ಕೇಳಿದರೆ ತಬ್ಬಿಬ್ಬಾಗುತ್ತಿದ್ದ. ಚಕ್ರದ ಬೆಂಡು ತೆಗೆಯುತ್ತ ತೆಗೆಯುತ್ತ ಅವನ ಕಿವಿ ಹರಿತವಾಗಿತ್ತು. ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮೀಟಿ, ಯಾವುದು ಸಡಿಲ, ಯಾವುದು ಬಿಗಿ ಎಂದು ದನಿಯಲ್ಲೇ ತಿಳಿದು, ತಿರುಪನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ಮೂವತ್ತಾರು ಕಡ್ಡಿಯೂ ಒಂದೇ ಮಾತು ಆಡಿದರೆ ಚಕ್ರ ನೆಟ್ಟಗಾಯಿತೆಂದು ಲೆಕ್ಕ.

ಅಂಗಡಿಯಲ್ಲಿ ರೇಡಿಯೊ ಇತ್ತು. ಆದರೆ ರೇಡಿಯೊದಲ್ಲಿ ಕೇಳುವುದೆಂದರೆ ಅವನಿಗೆ ಪಕ್ಕದ ಮನೆಯ ಒಗ್ಗರಣೆ ವಾಸನೆಯಲ್ಲಿ ಹೊಟ್ಟೆ ತುಂಬಿಸಿಕೊಂಡ ಹಾಗೆ. ಎದುರಿಗೆ ಕೂತು ಕೇಳಬೇಕು. ದೀಪ ಆರಿ, ಗುಜುಗುಜು ಅಡಗಿ, ಪಿಟೀಲಿನವರು ತಂತಿ ಹದ ಮಾಡುವಾಗ ಹೊರಡುವ ಆ ಮೊದಲ ದನಿಗೇ ಅವನ ಮೈ ಜುಮ್ಮೆನ್ನುತ್ತಿತ್ತು. ಹಾಡುವವರು ಉಸಿರೆಳೆದುಕೊಂಡಾಗ ಇವನೂ ಎಳೆದುಕೊಳ್ಳುತ್ತಿದ್ದ. ಒಳ್ಳೆಯ ಕಚೇರಿಯಾದ ಮಾರನೇ ದಿನ ಗಿರಾಕಿಗಳು ಏನು ಕೇಳಿದರೂ ಇಲ್ಲವೆನ್ನುತ್ತಿರಲಿಲ್ಲ.

ಹೆಂಡತಿಯೂ ಜತೆಗೆ ಬರುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ನಿಂತು ಹಾಸಿಗೆ ಬಟ್ಟೆ ಮಡಚುವವಳು. "ನನಗೆ ಸಂಗೀತಗಿಂಗೀತ ಗೊತ್ತಿಲ್ಲಪ್ಪ, ಎರಡು ಗಂಟೆ ಕಾಲಿಗೆ ರೆಸ್ಟು ಸಿಗುತ್ತೆ," ಎಂದು ಯಾರ ಮುಂದೆಯೂ ಮುಚ್ಚಿಡದೆ ಹೇಳುತ್ತಿದ್ದಳು.

ಅಂಗಡಿಗೆ ದಿನಾ ಬರುವವನು ಅಂಚೆಯವನು. ಅವನ ಸೈಕಲ್ಲಿಗೆ ಗಾಳಿ ಹೊಡೆಯುತ್ತ, ಅವನ ಮಾತು ಕೇಳುತ್ತ ತಕ್ಕಡಿಯ ಬೆಳಗು ಶುರುವಾಗುತ್ತಿತ್ತು. ಅಂಚೆಯವನ ಮಗಳು ಲಂಗ ಹಾಕಿಕೊಳ್ಳುವ ವಯಸ್ಸಿನಿಂದ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಡ್ಡಿಗಳ ದನಿಗೆ ದನಿ ಸೇರಿಸಿ "ಆ" ಎನ್ನುತ್ತಿದ್ದವಳು. ಈಗ ಅವಳಿಗೆ ಇಪ್ಪತ್ತೆರಡು. ಹದಿಮೂರು ವರ್ಷ ಸಂಗೀತ ಪಾಠ ಹೇಳಿಸಿಕೊಂಡಿದ್ದಳು. ಅವಳ ಮೊದಲ ಕಚೇರಿ ಅದೇ ಸಭಾಂಗಣದಲ್ಲಿ ಗೊತ್ತಾದಾಗ ಅಂಚೆಯವನು ಬ್ಯಾಗು ಕೆಳಗಿಳಿಸುವ ಮೊದಲೇ ಹೇಳಿದ್ದ:

"ನೋಡು ತಕ್ಕಡಿ, ಆವತ್ತು ನೀನು ಜ್ವರ ಬಂದ್ರೂ ಬರ್ಬೇಕು. ಮಾವನ ತಲೆ ಕಂಡ್ರೆ ಸಾಕು, ಹೆದರಿಕೆ ಹೋಗುತ್ತೆ ಅಂತಾಳೆ ಮಗಳು."

"ನನ್ನ ತಲೇಲೇನಿದೆ? ಕೂದಲೂ ಇಲ್ಲ," ಎಂದು ಇವನು ನಕ್ಕಿದ್ದ.

ಬಾಯಿಮಾತಿಗೆ ಹೇಳಿದ ಜ್ವರ ನಿಜವಾಗಿಯೂ ಬಂತು. ಕಚೇರಿಗೆ ಹತ್ತು ದಿನ ಇರುವಾಗ ಶುರುವಾದ ನೆಗಡಿ ಕಿವಿಗಿಳಿದು, ಎರಡು ದಿನ ಒಳಗೆ ಗುಂಯ್‌ಗುಡುತ್ತಿತ್ತು. ಆಮೇಲೆ ಜ್ವರ ಬಿಟ್ಟಿತು, ಗುಂಯ್ ಎನ್ನುವುದೂ ನಿಂತಿತು. ಮಾತೆಲ್ಲ ಸರಿಯಾಗಿಯೇ ಕೇಳುತ್ತಿತ್ತು. ಅವನು ಅದನ್ನು ಮರೆತೇಬಿಟ್ಟ.

ಆ ಸಂಜೆ ಹಾಲ್ ತುಂಬಿತ್ತು. ಹುಡುಗಿ ವೇದಿಕೆಗೆ ಬಂದು, ಮುಂದಿನ ಸಾಲಿನ ಎಡತುದಿಯನ್ನು ನೋಡಿ, ಸಣ್ಣಗೆ ನಕ್ಕು ಕೂತಳು. ಪಿಟೀಲಿನವರು ತಂತಿ ಹದ ಮಾಡಿದರು. ತಕ್ಕಡಿಗೆ ಆಗಲೇ ಏನೋ ಕಸಿವಿಸಿ. ಯಾಕೋ ತಂತಿ ಒಂದಕ್ಕೊಂದು ಒಪ್ಪಿಕೊಳ್ಳುತ್ತಿಲ್ಲ ಅನ್ನಿಸಿತು. ಹೊಸಬರಿರಬೇಕು ಎಂದುಕೊಂಡ. ಹುಡುಗಿ ಹಾಡಲು ಶುರು ಮಾಡಿದಳು. ಪ್ರತಿಯೊಂದು ಸ್ವರದ ಪಕ್ಕದಲ್ಲೂ, ಕೂದಲೆಳೆಯಷ್ಟು ಕೆಳಗೆ, ಇನ್ನೊಂದು ಸ್ವರ ಕಾಲೆಳೆದುಕೊಂಡು ಬರುತ್ತಿತ್ತು. ಅಯ್ಯೋ, ಇಳೀತಾ ಇದಾಳೆ, ಎತ್ತು ಮಗಳೇ, ಎತ್ತು ಎಂದು ಅವನ ಜೀವ ಹೊಡೆದುಕೊಂಡಿತು. ಅವಳ ಜತೆ ಅವನೂ ಉಸಿರು ಬಿಗಿಹಿಡಿದ. ತಲೆ ತನ್ನಷ್ಟಕ್ಕೆ, ಅಲ್ಲ ಅಲ್ಲ ಎನ್ನುವ ಹಾಗೆ, ಅಡ್ಡಡ್ಡ ಆಡಿತು. ಆಡಿದ್ದು ಅವನಿಗೆ ಗೊತ್ತಾಗಲೇ ಇಲ್ಲ.

ಹುಡುಗಿ ನೋಡಿದಳು. ದನಿಯನ್ನು ಸ್ವಲ್ಪ ಮೇಲೆತ್ತಿದಳು. ಮತ್ತೆ ನೋಡಿದಳು. ತಲೆ ಇನ್ನೂ ಅಡ್ಡಕ್ಕೇ ಆಡುತ್ತಿತ್ತು. ಇನ್ನಷ್ಟು ಎತ್ತಿದಳು. ಈಗ ಪಿಟೀಲಿನವರು ತಿರುಗಿ ಅವಳ ಮುಖ ನೋಡಿದರು. ಕೆಳಗಿಳಿಯಲು ಹೋದಳು, ಕಾಲು ಜಾರಿದ ಹಾಗೆ ದನಿ ಜಾರಿತು. ತಾಳ ತಪ್ಪಿತು. ಹಾಡಿನ ನಡುವೆಯೇ ಬಾಯಿ ಮುಚ್ಚಿ, ಕೈಯನ್ನು ಗಂಟಲ ಮೇಲಿಟ್ಟುಕೊಂಡು ಒಂದು ಗಳಿಗೆ ಕೂತಳು. ಆಮೇಲೆ ಎದ್ದು, ಯಾರಿಗೂ ಏನೂ ಹೇಳದೆ ಪರದೆಯ ಹಿಂದೆ ಹೋದಳು. ಮತ್ತೆ ಬರಲಿಲ್ಲ.

ಮನೆಗೆ ನಡೆದು ಬರುವಾಗ ಹೆಂಡತಿ ಕೇಳಿದಳು. "ರೀ, ನೀವ್ಯಾಕೆ ಹಾಗೆ ತಲೆ ಆಡಿಸಿದ್ರಿ?"

"ನಾನಾ? ಯಾವಾಗ?"

"ಅವಳು ಹಾಡ್ತಾ ಇದ್ದಷ್ಟು ಹೊತ್ತೂ. ಅವಳು ನಿಮ್ಮನ್ನೇ ನೋಡ್ತಾ ಇದ್ಲು. ನಾನು ಮೊಣಕೈಲಿ ತಿವಿದೆ, ನಿಮಗೆ ಗೊತ್ತೇ ಆಗಲಿಲ್ಲ."

ಆದರೂ ಶ್ರುತಿ ತಪ್ಪಿದ್ದು ತಪ್ಪಿದ್ದೇ ಅಲ್ಲವೇ ಎಂದು ಅವನ ಮನಸ್ಸು ಸಮಾಧಾನ ಹೇಳಿಕೊಂಡಿತು.

ಆ ಸಮಾಧಾನ ಮೂರೇ ದಿನ ಉಳಿಯಿತು. ಹಿಂದಿನ ವಾರ ಬೆಂಡು ತೆಗೆದುಕೊಟ್ಟಿದ್ದ ಚಕ್ರವೊಂದನ್ನು ಗಿರಾಕಿ ವಾಪಸು ತಂದು ಅವನ ಮುಂದೆ ತಿರುಗಿಸಿದ. ಚಕ್ರ ಕುಡುಕನ ಹಾಗೆ ಓಲಾಡುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ಅವನು ಕಡ್ಡಿ ಮೀಟಿದ. ಒಂದೇ ಕಡ್ಡಿ, ಎರಡು ದನಿ. ಇನ್ನೊಂದನ್ನು ಮೀಟಿದ. ಅದಕ್ಕೂ ಎರಡು. ಏನೋ ಹೊಳೆದು ಬಲಗಿವಿಗೆ ಬೆರಳಿಟ್ಟುಕೊಂಡು ಮೀಟಿದ, ಆಮೇಲೆ ಎಡಗಿವಿಗೆ. ಬಲಗಿವಿ ಒಂದು ಹೇಳಿತು, ಎಡಗಿವಿ ಇನ್ನೊಂದು ಹೇಳಿತು. ಯಾವುದು ನಿಜ ಎಂದು ಕೇಳಲು ಮೂರನೇ ಕಿವಿ ಇರಲಿಲ್ಲ. ಕೈಯಲ್ಲಿದ್ದ, ತಿರುಪು ತಿರುಗಿಸುವ ಕೀಲಿಯನ್ನು ಕೆಳಗಿಟ್ಟು, ಗಿರಾಕಿ ಎದುರಿಗಿರುವುದನ್ನೂ ಮರೆತು, ನೆಲದ ಮೇಲೇ ಕೂತುಬಿಟ್ಟ.

ಕಿವಿ ಡಾಕ್ಟರು ಹೆಡ್‌ಫೋನ್ ಹಾಕಿಸಿ, ಗುಂಡಿ ಒತ್ತಿಸಿ, ಅರ್ಧ ಗಂಟೆ ಪರೀಕ್ಷೆ ಮಾಡಿದರು. ನೆಗಡಿ ಒಳಗಿವಿಯವರೆಗೂ ಹೋಗಿದೆ, ಎರಡು ಕಿವಿಯೂ ಪೂರ್ತಿ ಸರಿಯಿಲ್ಲ, ಒಂದೇ ದನಿಯನ್ನು ಎರಡು ಶ್ರುತಿಯಲ್ಲಿ ಕೇಳುತ್ತಿವೆ ಎಂದರು.

"ಸರಿ ಹೋಗುತ್ತಾ?"

"ಕೆಲವರಿಗೆ ತಾನಾಗೇ ಹೋಗುತ್ತೆ, ಕೆಲವರಿಗೆ ಹೋಗಲ್ಲ. ಕಾಯಬೇಕು. ಮಾತು ಕೇಳೋಕೇನೂ ತೊಂದ್ರೆ ಇಲ್ವಲ್ಲ?"

"ಮಾತು ಯಾರಿಗೆ ಬೇಕು ಸ್ವಾಮಿ," ಎಂದ ತಕ್ಕಡಿ. ಡಾಕ್ಟರು ಅದನ್ನು ತಮಾಷೆ ಎಂದುಕೊಂಡು ನಕ್ಕರು.

ತನ್ನ ಕಿವಿಯ ಕಥೆ ಹೇಗಾದರೂ ಇರಲಿ, ಹುಡುಗಿಯದು ಮೊದಲು ಸರಿಮಾಡಬೇಕು ಎಂದು ಅವನು ಅಲ್ಲಿಂದ ನೇರವಾಗಿ ಸಭಾಂಗಣದ ಕಾರ್ಯದರ್ಶಿಯ ಹತ್ತಿರ ಹೋದ. ತಪ್ಪು ಅವಳದಲ್ಲ, ನನ್ನ ಕಿವಿಯದು, ಅವಳಿಗೆ ಇನ್ನೊಂದು ಕಚೇರಿ ಕೊಡಿ ಎಂದು ಕೈಮುಗಿದ. ಕಾರ್ಯದರ್ಶಿ ಬೆನ್ನು ತಟ್ಟಿದರು.

"ನಿಮ್ಮದು ದೊಡ್ಡ ಮನಸ್ಸು ಬಿಡಿ. ಹುಡುಗೀನ ಉಳಿಸೋಕೆ ನಿಮ್ಮ ಕಿವೀನೇ ಕೆಟ್ಟಿದೆ ಅಂತೀರಿ. ಶ್ರುತಿ ಇಳಿದಿತ್ತು. ನನಗೂ ಮೊದಲಿಂದ ಹಾಗೇ ಅನ್ನಿಸ್ತಾ ಇತ್ತು."

"ನಿಮಗೆ ಅನ್ನಿಸಿದ್ದು ನನ್ನ ತಲೆ ನೋಡಿ!"

"ಅಯ್ಯೋ, ನಮಗೂ ಅಷ್ಟಿಷ್ಟು ಗೊತ್ತಾಗುತ್ತಪ್ಪ," ಎಂದರು ಕಾರ್ಯದರ್ಶಿ, ಸ್ವಲ್ಪ ಬೇಸರದಲ್ಲೇ. ಎರಡನೇ ಸಾಲಿನ ಮೇಷ್ಟರಿಗೂ ಹಾಗೇ ಅನ್ನಿಸಿತ್ತಂತೆ. ಔಷಧಿ ಅಂಗಡಿಯವನಿಗೂ ಅನ್ನಿಸಿತ್ತಂತೆ. ಊರಿಗೆ ಊರೇ ಇವನ ಕೆಟ್ಟ ಕಿವಿಯಿಂದ ಹಾಡು ಕೇಳಿತ್ತು. ಈಗ ಇವನೊಬ್ಬ ಅದು ಸುಳ್ಳೆಂದರೆ ನಂಬುವವರು ಯಾರು?

ಅಂಚೆಯವನು ಆ ಸಂಜೆಯಿಂದ ಅಂಗಡಿಗೆ ಬಂದಿರಲಿಲ್ಲ. ಎದುರು ಬದಿಯಿಂದ, ಗಾಳಿ ಇಳಿದ ಸೈಕಲ್ಲನ್ನು ತಳ್ಳಿಕೊಂಡೇ ಹೋಗುತ್ತಿದ್ದ. ತಕ್ಕಡಿ ಡಾಕ್ಟರ ಚೀಟಿ ಹಿಡಿದುಕೊಂಡು ಅವನ ಮನೆಗೇ ಹೋದ. ಅಂಚೆಯವನು ಬಾಗಿಲು ತೆಗೆದು, ಬಾ ಎನ್ನದೆ, ಹೋಗು ಎನ್ನದೆ ಪಕ್ಕಕ್ಕೆ ಸರಿದ. ಹುಡುಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು. ಇವನನ್ನು ನೋಡಿ ಎದ್ದು, ಕುರ್ಚಿ ಎಳೆದುಕೊಟ್ಟಳು. ತಕ್ಕಡಿ ಅದರ ತುದಿಯಲ್ಲಿ ಕೂತ. ಎಲ್ಲವನ್ನೂ ಹೇಳಿದ. ನೆಗಡಿ, ಚಕ್ರ, ಎರಡು ದನಿ, ಒಂದನ್ನೂ ಬಿಡಲಿಲ್ಲ. ಚೀಟಿಯನ್ನು ಅವಳ ಮುಂದಿಟ್ಟ.

ಹುಡುಗಿ ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಮಾವ, ಈ ಚೀಟಿ ಮೊನ್ನೆ ಬರೆದಿದ್ದು. ನಾನು ಹಾಡಿದ್ದು ಅದಕ್ಕಿಂತ ಐದು ದಿನ ಮೊದಲು."

"ಹೌದು ಪುಟ್ಟಿ, ಆದರೆ ಕಿವಿ ಅದಕ್ಕೂ ಮುಂಚೆನೇ..."

"ನಾನು ಚಿಕ್ಕವಳಾಗಿದ್ದಾಗ ಒಂದು ಕಡ್ಡಿ ಸಡಿಲ ಇದ್ರೆ ಬೀದಿ ಆಚೆಯಿಂದ ಹೇಳ್ತಿದ್ರಿ. ನೀವು ನನ್ನ ಸಮಾಧಾನಕ್ಕೆ ಹೇಳ್ತಾ ಇದೀರಿ. ಬೇಡ ಮಾವ. ನಿಜ ಹೇಳಿದವರು ನೀವೊಬ್ಬರೇ, ಅದನ್ನೂ ವಾಪಸು ತಗೋಬೇಡಿ."

"ಅದು ನಿಜ ಅಲ್ಲ ಮಗಳೇ! ಪಿಟೀಲೂ ನನಗೆ ಹಾಗೇ ಕೇಳಿಸಿತ್ತು!"

"ಆಮೇಲೆ ನನಗೇ ಕೇಳಿಸ್ತಲ್ಲ, ತಪ್ಪಿದ್ದು," ಎಂದಳು ಅವಳು. ಅದು ಸುಳ್ಳಲ್ಲ. ಕೊನೆಗೆ ಅವಳು ತಪ್ಪಿದ್ದು ನಿಜವಾಗಿಯೂ ತಪ್ಪಿತ್ತು. ಮೊದಲು ತಪ್ಪಿರಲಿಲ್ಲ ಎಂಬುದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ತಪ್ಪಿರಲಿಲ್ಲ ಎಂದು ಅವನಿಗಾದರೂ ಏನು ಗೊತ್ತು? ಅವನು ಕೇಳಿಸಿಕೊಂಡಿದ್ದು ಅವಳು ಹಾಡಿದ್ದನ್ನಲ್ಲವಲ್ಲ.

ಬಾಗಿಲಲ್ಲಿ ಅಂಚೆಯವನು ಮೆಲ್ಲಗೆ ಹೇಳಿದ. "ಬೀಳಿಸಿದವನೂ ನೀನೇ, ಎತ್ತೋಕೆ ಬಂದವನೂ ನೀನೇ. ನಾನು ಏನನ್ನಲಿ? ಹೋಗಿ ಬಾ."

ಚಳಿಗಾಲ ಕಳೆಯಿತು. ಕಿವಿ ಸರಿಹೋಗಲಿಲ್ಲ. ತಕ್ಕಡಿ ಒಮ್ಮೆ ಮಾತ್ರ ಕಚೇರಿಗೆ ಹೋದ, ಹಿಂದಿನ ಸಾಲಿನಲ್ಲಿ, ಟೋಪಿ ಹಾಕಿಕೊಂಡು. ಹೆಸರಾಂತ ಕೊಳಲಿನವರು. ಹತ್ತು ನಿಮಿಷದಲ್ಲಿ ಹಲ್ಲು ಜುಮುಗುಟ್ಟಿತು, ಎದ್ದು ಬಂದ. ಚಕ್ರದ ಬೆಂಡನ್ನು ಈಗ ಸೀಮೆಸುಣ್ಣ ಹಿಡಿದು, ಎಲ್ಲಿ ತಾಗಿತೆಂದು ಕಣ್ಣಲ್ಲಿ ನೋಡಿ ತೆಗೆಯುತ್ತಿದ್ದ. ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು. ಅಂಗಡಿಯ ರೇಡಿಯೊದ ವೈರನ್ನು ಹೆಂಡತಿ ಒಂದು ದಿನ ತಾನೇ ಕಿತ್ತು ಸುತ್ತಿಟ್ಟಳು.

ವಸಂತದ ಒಂದು ಬೆಳಿಗ್ಗೆ ಅಂಚೆಯವನು ಸೈಕಲ್ ತಳ್ಳಿಕೊಂಡು ಅಂಗಡಿಗೇ ಬಂದ. ತಕ್ಕಡಿ ಪಂಪು ತಂದು ಗಾಳಿ ಹೊಡೆಯತೊಡಗಿದ. ಅಂಚೆಯವನು ಅವನ ಬೆನ್ನು ನೋಡುತ್ತ ಹೇಳಿದ.

"ಭಾನುವಾರ ಮಧ್ಯಾಹ್ನ ಶಾಲೆ ಹಾಲ್‌ನಲ್ಲಿ ಮಗಳು ಹಾಡ್ತಾಳೆ. ಸಣ್ಣ ಕಾರ್ಯಕ್ರಮ, ಐವತ್ತು ಅರವತ್ತು ಜನ."

"ಹೌದಾ!" ತಕ್ಕಡಿ ತಿರುಗಿದ.

"ನೀನು ಬರಬೇಡ ಅಂತ ಹೇಳೋಕೆ ಬಂದೆ." ಅಂಚೆಯವನ ಮುಖ ಕೆಂಪಾಗಿತ್ತು. "ಸಿಟ್ಟಿಲ್ಲ ಕಣೋ, ಆಣೆಗೂ ಇಲ್ಲ. ಅವಳೇ ಕೇಳಿಕೊಂಡ್ಲು. ಮಾವ ಹಾಲ್‌ನಲ್ಲಿದ್ರೆ ನಂಗೆ ಬಾಯಿ ಬರಲ್ಲ ಅಂತ."

"ಬರಲ್ಲ. ಹೇಳು ಅವಳಿಗೆ, ಬೀದಿಗೂ ಬರಲ್ಲ ಅಂತ," ಎಂದು ತಕ್ಕಡಿ ಮತ್ತೆ ಪಂಪಿಗೆ ಬಗ್ಗಿದ. ಟೈರು ಕಲ್ಲಿನ ಹಾಗಾದರೂ ಹೊಡೆಯುತ್ತಲೇ ಇದ್ದ. ಅಂಚೆಯವನು ಅವನ ಭುಜ ಹಿಡಿದು ನಿಲ್ಲಿಸಬೇಕಾಯಿತು.

ಭಾನುವಾರ ಹೆಂಡತಿ ಒಬ್ಬಳೇ ಹೋದಳು. ತಕ್ಕಡಿ ಮನೆಯಲ್ಲಿ ಒಂದು ಬಟ್ಟಲು ತೊಳೆದ, ತೊಳೆದದ್ದನ್ನೇ ಮತ್ತೆ ತೊಳೆದ. ಐದು ಗಂಟೆಗೆ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿತು.

"ಹೇಗಿತ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ? ದನಿ ನಿಂತಿತ್ತಾ? ಮೇಲೆ ಹೋದಾಗ ಹಿಸುಕಿದ ಹಾಗೆ ಆಯ್ತಾ, ಇಲ್ಲ ಬಿಟ್ಟು ಹಾಡಿದ್ಲಾ?"

ಅವಳು ಚಪ್ಪಲಿ ಬಿಚ್ಚಿ, ಮೊಣಕಾಲು ಹಿಡಿದುಕೊಂಡು ಕೂತಳು. ಬಹಳ ಪ್ರಯತ್ನಪಟ್ಟು ಯೋಚಿಸಿದಳು. "ಒಬ್ಬರೂ ಕೆಮ್ಮಲಿಲ್ಲ ಕಣ್ರೀ. ನನ್ನ ಮುಂದೆ ಕೂತಿದ್ದ ಹೆಂಗಸು ಮಡಿಲಲ್ಲಿದ್ದ ಚೀಲ ಜಾರಿ ಬಿದ್ರೂ ಎತ್ತಿಕೊಳ್ಳಲಿಲ್ಲ."

"ಆಮೇಲೆ?"

"ಆಮೇಲೆ ಒಂದು ಹಾಡು ಇತ್ತು. ನಿಧಾನದ್ದು. ಹೀಗೆ ಹೋಗುತ್ತೆ ನೋಡಿ." ಮದುವೆಯಾದಾಗಿನಿಂದ ಒಂದು ಸಾಲೂ ಹಾಡದವಳು, ಗೋಡೆಯ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು ಹಾಡಲು ನೋಡಿದಳು. ಅವಳ ದನಿ ಕತ್ತಲಲ್ಲಿ ತಡಕಾಡುವ ಕೈಯ ಹಾಗೆ ಅತ್ತಿತ್ತ ಹೋಯಿತು. ಅವನ ಕಿವಿ ಅದನ್ನೂ ಸೀಳಿ ಎರಡು ಮಾಡಿತು. ಇದರಲ್ಲಿ ಹುಡುಗಿಯ ಹಾಡು ಎಲ್ಲಿದೆ, ಹೆಂಡತಿ ತಪ್ಪಿದ್ದು ಎಲ್ಲಿ, ತನ್ನ ಕಿವಿ ಕೆಡಿಸಿದ್ದು ಎಲ್ಲಿ ಎಂದು ಅವನು ಕಣ್ಣು ಮುಚ್ಚಿ ಹುಡುಕಿದ. ಸಿಕ್ಕಲಿಲ್ಲ.

"ಬರಲ್ಲ ರೀ ನಂಗೆ," ಎಂದು ಅವಳು ನಿಲ್ಲಿಸಿದಳು. ಕಣ್ಣಲ್ಲಿ ನೀರಿತ್ತು. "ಅಲ್ಲಿ ಕೇಳುವಾಗ ಎಲ್ಲಾ ನೆನಪಿಟ್ಟುಕೊಂಡಿದ್ದೆ. ದಾರಿ ಉದ್ದಕ್ಕೂ ಹೇಳಿಕೊಂಡೇ ಬಂದೆ."

ಅವನು ಅವಳ ಪಕ್ಕ ಕೂತ. ಚೀಲ ಬಿದ್ದ ಹೆಂಗಸು ಕೊನೆಗೆ ಅದನ್ನು ಎತ್ತಿಕೊಂಡಳೋ ಇಲ್ಲವೋ ಎಂದು ಕೇಳಿದ.